ನೆರೆ ಬಂದಾಗ ನೆರೆಮನೆಗೆ: ತೂಕ ಇಳಿಸಿಕೊಂಡ ದೇಹ ನೀರಿನಲ್ಲಿ ಎಷ್ಟು ಗಟ್ಟಿ?

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುರಿದ ಮಳೆ ಹಲವರಿಗೆ ನೆನಪಿರಬಹುದು. ಒಂದು ದಿನದೊಳಗೆ 130 ಮಿಲಿಮೀಟರಿಗೂ ಹೆಚ್ಚು ಮಳೆಯಾಗಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಸುತ್ತಮುತ್ತ ಕೆರೆಗಳು ಕೋಡಿ ಬಿದ್ದವು, ರಾಜಕಾಲುವೆಗಳು ಉಕ್ಕಿದವು, ಆಫೀಸಿಗೆ ಹೋಗುವವರು ಟ್ರ್ಯಾಕ್ಟರ್ ಹತ್ತಿದರು. ನಾನಿದ್ದ ಬಾಡಿಗೆ ಮನೆಯೂ ಆ ಕಡೆಯೇ. ಬೆಳಗಿನ ಜಾವ ಎದ್ದು ನೋಡಿದರೆ ರಸ್ತೆಯಲ್ಲಿ ನೀರು ಹರಿಯುತ್ತಿತ್ತು. ಎದುರುಮನೆಯ ನೆಲಮಹಡಿಯಲ್ಲಿ ಒಬ್ಬರೇ ಇರುವ ಅಜ್ಜಿ ಕಿಟಕಿ ಹಿಡಿದು ನಿಂತಿದ್ದರು.

ಅದಕ್ಕೆ ಹಿಂದಿನ 14 ತಿಂಗಳಲ್ಲಿ ನಾನು 30 ಕೆಜಿ ಇಳಿಸಿಕೊಂಡಿದ್ದೆ, 105ರಿಂದ 75ಕ್ಕೆ. ಮೊದಲಾಗಿದ್ದರೆ ಇಂಥ ಹೊತ್ತಿನಲ್ಲಿ ಯಾರಾದರೂ ನನ್ನನ್ನೇ "ನೀನು ಸುಮ್ನೆ ಮೇಲಿರಪ್ಪ" ಎಂದು ಕಳಿಸುತ್ತಿದ್ದರು. ಈ ಸಲ ಯಾರೂ ಹೇಳಲಿಲ್ಲ. ಪ್ಯಾಂಟ್ ಮಡಚಿ ಗೇಟಿನ ಹತ್ತಿರ ಬಂದಾಗ ಆ ಕಡೆಯಿಂದ ಅಜ್ಜಿಯೇ ಕೂಗಿದರು: "ಬೇಡ ಪುಟ್ಟಾ, ಮೊದಲಿನ ಹಾಗಿದ್ದಿದ್ರೆ ಬಾ ಅಂತಿದ್ದೆ. ಈಗ ಗರಿ ಥರ ಆಗಿದ್ದೀಯ, ತೇಲ್ಕೊಂಡ್ ಹೋಗ್ತೀಯ!"

ತಮಾಷೆ ಎಂದುಕೊಂಡು ಎರಡು ಹೆಜ್ಜೆ ಇಟ್ಟೆ. ಎರಡನೆಯದು ಜಾರಿತು. ಗೇಟಿನ ಸರಳು ಕೈಗೆ ಸಿಕ್ಕಿದ್ದರಿಂದ ಉಳಿದುಕೊಂಡೆ.

ಅಜ್ಜಿ ಹೇಳಿದ್ದರಲ್ಲಿ ಎಷ್ಟು ನಿಜ? ಆಮೇಲೆ ಇದನ್ನು ಓದುತ್ತಾ ಹೋದಾಗ ಗೊತ್ತಾಗಿದ್ದು ಅವರ ಮಾತಿನ ಅರ್ಧಕ್ಕಿಂತ ಹೆಚ್ಚು ಭೌತವಿಜ್ಞಾನವೇ ಎಂದು. ಸಣ್ಣಗಾದವರೆಲ್ಲ ಚುರುಕಾಗುತ್ತಾರೆ, ಚುರುಕಾದವರು ಯಾವ ಕೆಲಸಕ್ಕೂ ಆಗುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ತೂಕ ಇಳಿದಾಗ ದೇಹ ಕೆಲವು ಕೆಲಸಗಳಲ್ಲಿ ನಿಜಕ್ಕೂ ಸುಧಾರಿಸುತ್ತದೆ. ನೆರೆಯ ನೀರಿನಲ್ಲಿ ನಡೆಯುವುದು ಮಾತ್ರ ಆ ಪಟ್ಟಿಯಲ್ಲಿ ಇಲ್ಲ.

ನೀರು ತಳ್ಳುವುದು ಹೇಗೆ?

ಒಣನೆಲದ ಮೇಲೆ ನಡೆಯುವಾಗ ತೂಕವೆಂದರೆ ಹೊರೆ. ಹರಿಯುವ ನೀರಿನಲ್ಲಿ ಅದೇ ತೂಕ ಲಂಗರಿನ ಕೆಲಸವನ್ನೂ ಮಾಡುತ್ತದೆ. ನಿಂತ ಮನುಷ್ಯನನ್ನು ನೀರು ಪಕ್ಕಕ್ಕೆ ತಳ್ಳುತ್ತದೆ. ಅಂಗಾಲು ಮತ್ತು ನೆಲದ ನಡುವಿನ ಘರ್ಷಣೆ ಅದನ್ನು ತಡೆಯುತ್ತದೆ. ನೆಲವನ್ನು ನಾವು ಎಷ್ಟು ಒತ್ತುತ್ತೇವೆಯೋ ಅಷ್ಟು ಘರ್ಷಣೆ. ನೀರಿನಲ್ಲಿ ಮುಳುಗಿದ ಭಾಗ ಹಗುರಾಗುವುದರಿಂದ ಈ ಒತ್ತುವಿಕೆ ಮೊದಲೇ ಕಡಿಮೆಯಾಗಿರುತ್ತದೆ.

ಒಂದು ಅಂದಾಜು ಲೆಕ್ಕ ಹಾಕೋಣ. ನೀರು 60 ಸೆಂಟಿಮೀಟರ್ ಆಳವಿದೆ, ಅಂದರೆ ಮೊಣಕಾಲಿಗಿಂತ ಸುಮಾರು ಒಂದು ಗೇಣು ಕಡಿಮೆ ಮೇಲೆ. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಹರಿಯುತ್ತಿದೆ. ನಾವು ಬಸ್ಸು ತಪ್ಪಬಾರದೆಂದು ಬಿರಬಿರನೆ ನಡೆಯುವ ವೇಗ ಅದು. 75 ಕೆಜಿಯ ವ್ಯಕ್ತಿಯ ಎರಡು ಕಾಲುಗಳ ಮೇಲೆ ಈ ನೀರು ಹಾಕುವ ಬಲ ಹತ್ತಿರ ಹತ್ತಿರ 20 ಕೆಜಿ ತೂಕಕ್ಕೆ ಸಮ. 105 ಕೆಜಿಯವರ ಕಾಲು ದಪ್ಪವಾದ್ದರಿಂದ ಅವರ ಮೇಲೆ ಬೀಳುವ ಬಲವೂ ಹೆಚ್ಚು, ಸುಮಾರು 25 ಕೆಜಿ.

ಇನ್ನು ತಡೆಯುವ ಬಲ. ಕಾಲುಗಳು ಮುಳುಗಿದ್ದರಿಂದ 75 ಕೆಜಿಯವರು ನೆಲ ಒತ್ತುವುದು ಸುಮಾರು 63 ಕೆಜಿಯಷ್ಟು, 105ರವರು ಸುಮಾರು 88 ಕೆಜಿಯಷ್ಟು. ಒರಟು ಡಾಂಬರು ರಸ್ತೆಯಲ್ಲಿ ಇದರ ಶೇಕಡಾ 40ರಷ್ಟು ಹಿಡಿತ ಸಿಕ್ಕರೆ ಕ್ರಮವಾಗಿ 25 ಮತ್ತು 35 ಕೆಜಿ. ಇಬ್ಬರೂ ನಿಲ್ಲುತ್ತಾರೆ, ಆದರೆ ಹಗುರಾದವರ ಕೈಯಲ್ಲಿ ಉಳಿದ ಅಂತರ ಬರೀ 5 ಕೆಜಿ, ಭಾರವಿದ್ದವರದು 10. ಈಗ ಡಾಂಬರಿನ ಮೇಲೆ ಕೆಸರು ಕೂತಿದೆ, ಹಿಡಿತ ಶೇಕಡಾ 30ಕ್ಕೆ ಇಳಿಯಿತು ಎಂದುಕೊಳ್ಳಿ. 75ರವರಿಗೆ ಸಿಗುವುದು 19, ನೀರು ತಳ್ಳುವುದು 20. ಕಾಲು ಜಾರುತ್ತದೆ. 105ರವರು ಕೂದಲೆಳೆಯಲ್ಲಿ ನಿಂತಿರುತ್ತಾರೆ. ನನ್ನ ಗೇಟಿನ ಮುಂದೆ ಆಗಿದ್ದು ಹೆಚ್ಚುಕಡಿಮೆ ಇದೇ ಇರಬೇಕು.

ದಪ್ಪಗಿದ್ದವರು ನೀರಿಗಿಳಿಯಬಹುದು ಎಂದು ಯಾರೂ ಇದನ್ನು ಓದಬಾರದು. ನೀರು ಇನ್ನು ಸ್ವಲ್ಪ ಜೋರಾದರೆ ಅವರೂ ಬೀಳುತ್ತಾರೆ, ಬಿದ್ದಮೇಲೆ ಏಳುವುದು ಅವರಿಗೆ ಇನ್ನೂ ಕಷ್ಟ. ಏಕೆಂದರೆ ವೇಗದ ಲೆಕ್ಕ ಸರಳವಾಗಿ ಏರುವುದಿಲ್ಲ: ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಕಣ್ಣಿಗೆ "ಅದೇ ಮೊಣಕಾಲುದ್ದ ನೀರು" ಎಂದು ಕಾಣುವುದು ಹತ್ತು ನಿಮಿಷದಲ್ಲಿ ಬೇರೆಯೇ ನೀರಾಗಿರುತ್ತದೆ.

ಜನರನ್ನು ಹರಿಯುವ ನೀರಿನಲ್ಲಿ ನಿಲ್ಲಿಸಿ ಮಾಡಿದ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ. ಅವುಗಳಲ್ಲಿ ಕಂಡ ಅಂಶವೆಂದರೆ ವ್ಯಕ್ತಿಯ ಎತ್ತರ ಮತ್ತು ತೂಕ ಎರಡನ್ನೂ ಗುಣಿಸಿದ ಸಂಖ್ಯೆ ದೊಡ್ಡದಿದ್ದಷ್ಟೂ ನಿಲ್ಲುವ ಶಕ್ತಿ ಹೆಚ್ಚು. ಈ ಪ್ರಯೋಗಗಳನ್ನು ಆಧರಿಸಿ ಆಸ್ಟ್ರೇಲಿಯಾದ ಮಾರ್ಗಸೂಚಿಯಲ್ಲಿ ಒಂದು ಸುಲಭ ಅಳತೆ ಇದೆ. ನೀರಿನ ಆಳವನ್ನು ಮೀಟರಿನಲ್ಲಿ, ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ತೆಗೆದುಕೊಂಡು ಗುಣಿಸಿ. ದೊಡ್ಡವರಿಗೆ ಈ ಗುಣಲಬ್ಧ 0.6 ದಾಟಿದರೆ ಅಪಾಯ ಶುರು, 0.8 ಎಂಬುದು ತರಬೇತಿ ಪಡೆದು ಸಲಕರಣೆ ತೊಟ್ಟ ರಕ್ಷಣಾ ಸಿಬ್ಬಂದಿ ಕೆಲಸ ಮಾಡಬಹುದಾದ ಮಿತಿ. ಮಕ್ಕಳಿಗೆ 0.4ರ ಮೇಲೆಯೇ ಅಪಾಯ. ವೇಗ ಎಷ್ಟೇ ಕಡಿಮೆಯಿದ್ದರೂ ದೊಡ್ಡವರಿಗೆ ಆಳ 1.2 ಮೀಟರ್ ದಾಟಬಾರದು. ನಮ್ಮ ಲೆಕ್ಕದ ನೀರಿನ ಗುಣಲಬ್ಧ 0.9. ಮೊಣಕಾಲ ಮೇಲೆ ಸ್ವಲ್ಪವೇ ಏರಿದ, ನೋಡಲು ಸಾಧುವಾಗಿರುವ ನೀರು ಅದು!

ಅಳತೆಪಟ್ಟಿ ಯಾರ ಕೈಯಲ್ಲೂ ಇರುವುದಿಲ್ಲ, ನಿಜ. ಒಂದು ಒಣ ಎಲೆಯನ್ನೋ ತೆಂಗಿನ ಸಿಪ್ಪೆಯನ್ನೋ ನೀರಿಗೆ ಹಾಕಿ, ಅದರ ಜೊತೆಗೆ ದಡದಲ್ಲಿ ನಡೆದು ನೋಡಿ. ನೀವು ಬಿರಬಿರನೆ ನಡೆಯಬೇಕಾಗಿ ಬಂದರೆ, ನೀರು ಮೊಣಕಾಲಿನ ಹತ್ತಿರವಿದ್ದರೆ, ಇಳಿಯಬೇಡಿ. ಅದಕ್ಕಿಂತ ನಿಧಾನವಿದ್ದರೂ ಒಳಗೆ ತೆರೆದ ಮ್ಯಾನ್‌ಹೋಲ್ ಇದೆಯೋ, ಕರೆಂಟ್ ಹರಿಯುತ್ತಿದೆಯೋ ಯಾವ ಎಲೆಯೂ ಹೇಳುವುದಿಲ್ಲ. ಅದೇ ಸೆಪ್ಟೆಂಬರ್ 5ರ ರಾತ್ರಿ ಸಿದ್ದಾಪುರದ ಹತ್ತಿರ ನೀರು ನಿಂತ ರಸ್ತೆಯಲ್ಲಿ ಸ್ಕೂಟರ್ ಜಾರಿದ 23 ವರ್ಷದ ಯುವತಿಯೊಬ್ಬರು ಆಸರೆಗೆಂದು ವಿದ್ಯುತ್ ಕಂಬ ಹಿಡಿದು ತೀರಿಕೊಂಡರು. ಅಲ್ಲಿ ತೂಕವೂ ಲೆಕ್ಕಕ್ಕಿರಲಿಲ್ಲ, ಶಕ್ತಿಯೂ ಲೆಕ್ಕಕ್ಕಿರಲಿಲ್ಲ.

ಹಗುರಾದವರು ಹೆಚ್ಚು ತೇಲುತ್ತಾರೆಯೇ?

ಅಜ್ಜಿಯ ಮಾತಿನಲ್ಲಿ ತಪ್ಪಾಗಿದ್ದ ಭಾಗ ಇದು. ತೂಕ ಇಳಿದವರು ಹೆಚ್ಚು ತೇಲುವುದಿಲ್ಲ, ಕಡಿಮೆ ತೇಲುತ್ತಾರೆ. ಒಂದು ಲೀಟರ್ ಕೊಬ್ಬಿನ ತೂಕ ಸುಮಾರು 900 ಗ್ರಾಂ. ಸ್ನಾಯು, ಮೂಳೆ ಎಲ್ಲ ಸೇರಿದ ಉಳಿದ ದೇಹದ ಒಂದು ಲೀಟರ್ ಸುಮಾರು 1,100 ಗ್ರಾಂ. ನೀರು ಇವೆರಡರ ನಡುವೆ. ತುಪ್ಪ ಸಾರಿನ ಮೇಲೆ ನಿಲ್ಲುವ ಹಾಗೆ ಕೊಬ್ಬು ದೇಹವನ್ನು ಮೇಲೆತ್ತುತ್ತದೆ. ಅದನ್ನು ಕರಗಿಸಿದವರ ದೇಹದ ಸರಾಸರಿ ಸಾಂದ್ರತೆ ಏರುತ್ತದೆ.

ಹಾಗಾಗಿ ಮೊದಲು ಈಜುಕೊಳದಲ್ಲಿ ಅಂಗಾತ ಮಲಗಿ ಆರಾಮಾಗಿ ತೇಲುತ್ತಿದ್ದವರಿಗೆ ಈಗ ಕಾಲು ಕೆಳಗೆ ಎಳೆದಂತಾಗಬಹುದು. "ನನಗೆ ಈಜು ಬರುತ್ತೆ" ಎಂಬ ಧೈರ್ಯ ಹಳೆಯ ದೇಹದ ನೆನಪಿನಿಂದ ಬಂದಿರುತ್ತದೆ. ಅದನ್ನು ಪರೀಕ್ಷಿಸಬೇಕಾದದ್ದು ಈಜುಕೊಳದಲ್ಲಿ, ಬೇಸಿಗೆಯಲ್ಲಿ.

ತೇಲುವ ವಸ್ತುಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಮನುಷ್ಯ ತಲೆಯನ್ನು ನೀರಿನ ಮೇಲೆ ಇಟ್ಟುಕೊಳ್ಳಲು ಬೇಕಾದ ಹೆಚ್ಚುವರಿ ಆಸರೆ ನಾಲ್ಕೈದು ಕೆಜಿಯಷ್ಟೇ. ಮುಚ್ಚಳ ಬಿಗಿಯಾಗಿರುವ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್ ಹತ್ತಿರ ಹತ್ತಿರ ಅಷ್ಟನ್ನು ಕೊಡುತ್ತದೆ, 20 ಲೀಟರಿನ ನೀರಿನ ಕ್ಯಾನ್ ಧಾರಾಳವಾಗಿ ಕೊಡುತ್ತದೆ. ಹಗ್ಗ ಕಟ್ಟಿದ ಒಂದು ಖಾಲಿ ಕ್ಯಾನನ್ನು ಮೆಟ್ಟಿಲ ಮೇಲಿಂದ ಎಸೆದವರು, ನೀರಿಗೆ ಧುಮುಕಿದವರಿಗಿಂತ ಹೆಚ್ಚು ಸಹಾಯ ಮಾಡಿರುತ್ತಾರೆ. ಮುಳುಗುತ್ತಿರುವವರನ್ನು ಉಳಿಸಲು ಹೋಗಿ ಉಳಿಸಲು ಹೋದವರೂ ಮುಳುಗುವ ಸುದ್ದಿ ನಮ್ಮ ಕೆರೆ, ಕಾಲುವೆಗಳಿಂದ ಪ್ರತಿ ವರ್ಷ ಬರುತ್ತದೆ.

ಲೈಫ್ ಜಾಕೆಟ್ ಇದ್ದರೆ ಅದನ್ನು ನಿಮ್ಮ ಈಗಿನ ಅಳತೆಗೆ ಬಿಗಿ ಮಾಡಿ. ಹಳೆಯ ಅಳತೆಯ ಜಾಕೆಟ್ ನೀರಿಗೆ ಬಿದ್ದ ಕೂಡಲೇ ಮೇಲೆ ಸರಿದು ಮುಖ ಮುಚ್ಚುತ್ತದೆ. ತೊಟ್ಟಮೇಲೆ ಯಾರಾದರೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲಿ. ಗಲ್ಲ, ಕಿವಿಯವರೆಗೆ ಬಂದರೆ ಅದು ಸಡಿಲ. ಗಮ್‌ಬೂಟಿಗೂ ಇದೇ ಮಾತು. ಮೀನಖಂಡ ಸಣ್ಣಗಾದಮೇಲೆ ಹಳೆಯ ಗಮ್‌ಬೂಟಿನ ಬಾಯಿ ಅಗಲವಾಗಿ ಉಳಿಯುತ್ತದೆ, ನೀರು ತುಂಬಿಕೊಂಡು ಕಾಲೆತ್ತಲು ಬಿಡುವುದಿಲ್ಲ. ಲೇಸು ಬಿಗಿದ ಸಾದಾ ಶೂ ವಾಸಿ.

ಕಳೆದ ಸಿಲಿಂಡರ್, ಎತ್ತಬೇಕಾದ ಸಿಲಿಂಡರ್

ಮೂವತ್ತು ಕೆಜಿ ಇಳಿಸಿದವರಿಗೆ ಜಿಮ್ಮಿನಲ್ಲಿ, ಮನೆಯಲ್ಲಿ ಹೇಳುವ ಒಂದು ಮಾತಿದೆ: "ಒಂದು ತುಂಬಿದ ಗ್ಯಾಸ್ ಸಿಲಿಂಡರನ್ನೇ ಇಳಿಸಿಬಿಟ್ಟೆ." ಲೆಕ್ಕ ಸರಿಯಾಗಿಯೇ ಇದೆ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕೆಜಿ ಅನಿಲ, ಖಾಲಿ ಉಕ್ಕಿನ ತೂಕ ಸುಮಾರು 15–16 ಕೆಜಿ. ಇದರಿಂದ ಹುಟ್ಟುವ ತರ್ಕದಲ್ಲಿ ತೊಂದರೆ ಇದೆ: ಇಷ್ಟು ವರ್ಷ ಅಷ್ಟು ಭಾರ ಹೊತ್ತೇ ಓಡಾಡಿದ್ದೇನೆ, ಈಗ ನೆಲಮಹಡಿಯವರ ಸಿಲಿಂಡರನ್ನು ಸಲೀಸಾಗಿ ಮೇಲೆ ಸಾಗಿಸಬಲ್ಲೆ.

ಹಾಗಾಗುವುದಿಲ್ಲ. ಇಳಿದ ಮೂವತ್ತು ಕೆಜಿಯೆಲ್ಲ ಕೊಬ್ಬಲ್ಲ. ಸಾಮಾನ್ಯವಾಗಿ ಕಳೆದ ತೂಕದ ಸುಮಾರು ಕಾಲುಭಾಗ ಕೊಬ್ಬಲ್ಲದ ಅಂಶ, ಅಂದರೆ ನೀರು, ಸ್ನಾಯು ಇತ್ಯಾದಿ. ಬರೀ ಊಟ ಕಡಿಮೆ ಮಾಡಿ ಬೇಗ ಇಳಿಸಿದವರಲ್ಲಿ ಇದು ಇನ್ನೂ ಹೆಚ್ಚಾಗಬಹುದು. ಪ್ರೋಟೀನ್ ಸಾಕಷ್ಟು ತಿಂದು ಭಾರ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಕಡಿಮೆಯಾಗುತ್ತದೆ. ದಪ್ಪಗಿದ್ದವರ ತೊಡೆ, ಮೀನಖಂಡಗಳು ದಿನವಿಡೀ ಭಾರ ಹೊತ್ತು ಗಟ್ಟಿಯಾಗಿರುತ್ತವೆ. ತೂಕ ಇಳಿದಾಗ ಆ ವ್ಯಾಯಾಮವೂ ನಿಂತುಹೋಗುತ್ತದೆ. ತನ್ನ ತೂಕಕ್ಕೆ ಹೋಲಿಸಿದರೆ ಶಕ್ತಿ ಹೆಚ್ಚಿರುತ್ತದೆ, ಹಾಗಾಗಿ ಓಡಾಟ ಸುಲಭ ಎನಿಸುತ್ತದೆ. ಹೊರಗಿನ ಭಾರ ಎತ್ತಲು ಬೇಕಾದ ಒಟ್ಟು ಶಕ್ತಿ ಮೊದಲಿನಷ್ಟೇ ಇರಬಹುದು, ಕಡಿಮೆಯೂ ಆಗಿರಬಹುದು. ಅಕ್ಕಿ ಮೂಟೆಗೆ ನಿಮ್ಮ ಸೊಂಟದ ಅಳತೆ ಗೊತ್ತಿಲ್ಲ.

ಅಂದಹಾಗೆ ಸಿಲಿಂಡರಿನ ಬಗ್ಗೆ ಒಂದು ವಿಷಯ: ತುಂಬಿದ ಸಿಲಿಂಡರ್ ಕೂಡ ನೀರಿನಲ್ಲಿ ತೇಲುತ್ತದೆ. ಅದರ ಒಳಗಾತ್ರವೇ ಸುಮಾರು 33 ಲೀಟರ್, ತೂಕ 30 ಕೆಜಿ. ನೆರೆಯಲ್ಲಿ ಸಿಲಿಂಡರುಗಳು ತೇಲಿಹೋಗುವ ದೃಶ್ಯ ಟಿವಿಯಲ್ಲಿ ನೋಡಿರುತ್ತೀರಿ. ಆದ್ದರಿಂದ ಅದನ್ನು ಬೆನ್ನು ಮುರಿದುಕೊಂಡು ಮೇಲೆ ಹೊರುವುದಕ್ಕಿಂತ ಮೊದಲು ಮಾಡಬೇಕಾದದ್ದು ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ತೇಲಿಹೋಗದಂತೆ ಗಟ್ಟಿಯಾದ ಸರಳಿಗೆ ನೆಟ್ಟಗೆ ಕಟ್ಟುವುದು.

ನಿಜಕ್ಕೂ ಸುಧಾರಿಸಿದ್ದು ಯಾವುದು?

ಇಲ್ಲಿಯವರೆಗೆ ಓದಿ ಬೇಸರವಾಗಿದ್ದರೆ ಒಳ್ಳೆಯ ಸುದ್ದಿಯೂ ಇದೆ. ಮೆಟ್ಟಿಲು! 30 ಕೆಜಿ ಇಳಿದವರು ಪ್ರತಿ ಸಲ ಮೂರನೇ ಮಹಡಿಗೆ ಹತ್ತುವಾಗ ಒಂದು ಸಿಲಿಂಡರನ್ನು ಕೆಳಗೆ ಬಿಟ್ಟು ಹತ್ತಿದಂತೆ. ಹೃದಯಕ್ಕೆ, ಶ್ವಾಸಕ್ಕೆ ಅಷ್ಟು ಕೆಲಸ ಉಳಿಯಿತು. ಮಂಡಿಗಂತೂ ಲಾಭ ಇನ್ನೂ ಹೆಚ್ಚು. ಮಂಡಿ ಸವೆದವರಲ್ಲಿ ನಡೆಸಿದ ಅಧ್ಯಯನವೊಂದು ಕಂಡುಕೊಂಡಂತೆ ದೇಹದ ತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ. ಒಣನೆಲದ ಮೇಲೆ ಸಮತೋಲನವೂ ಸುಧಾರಿಸುತ್ತದೆ.

ನೆರೆ ಬಂದಾಗ ಮೆಟ್ಟಿಲ ಕೆಲಸವೇನು ಕಡಿಮೆಯೇ? ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ನಿಂತಿರುತ್ತದೆ. ಮೇಲಿನ ಮನೆಗಳಿಗೆ ಕುಡಿಯುವ ನೀರು ಹೋಗಬೇಕು, ಕೆಳಗಿನ ಮನೆಗಳ ಮಾತ್ರೆ ಡಬ್ಬಿ, ದಾಖಲೆ ಕಾಗದ, ಹಾಸಿಗೆ ಮೇಲೆ ಬರಬೇಕು. ಇನ್ಸುಲಿನ್ ಇಟ್ಟುಕೊಂಡವರ ಫ್ರಿಜ್ ಆಫ್ ಆಗಿರುತ್ತದೆ, ಡಯಾಲಿಸಿಸ್ ಆಗಬೇಕಾದವರು ಯಾರೆಂದು ಮನೆಮನೆ ಬಾಗಿಲು ತಟ್ಟಿ ಕೇಳಬೇಕು. ಹತ್ತು ಸಲ ಹತ್ತಿಳಿಯಬಲ್ಲವರು ಬೇಕಾಗುವುದು ಇಲ್ಲಿ.

ದೋಣಿಯಲ್ಲೂ ಹಗುರಾದವರಿಗೆ ಬೆಲೆ. ಹರಿಗೋಲಿಗಾಗಲಿ ರಬ್ಬರ್ ದೋಣಿಗಾಗಲಿ ಒಂದು ಮಿತಿ ಇರುತ್ತದೆ. ಸಹಾಯಕ್ಕೆ ಹೋಗುವವರ ತೂಕ 30 ಕೆಜಿ ಕಡಿಮೆಯಿದ್ದರೆ ಒಂದು ಮಗುವಿಗೆ ಹೆಚ್ಚು ಜಾಗ. ಆದರೆ ಹತ್ತಬೇಕಾದದ್ದು ದೋಣಿ ಬಲ್ಲವರ ಜೊತೆಗೆ. 2018ರಲ್ಲಿ ಕೇರಳದ ಮೀನುಗಾರರು ಆರುನೂರಕ್ಕೂ ಹೆಚ್ಚು ದೋಣಿಗಳನ್ನು ಲಾರಿಗಳ ಮೇಲೆ ಹಾಕಿಕೊಂಡು ಒಳನಾಡಿಗೆ ಬಂದು ಸಾವಿರಾರು ಜನರನ್ನು ಹೊರತಂದರು. ಮಲಪ್ಪುರಂ ಜಿಲ್ಲೆಯಲ್ಲಿ ಒಬ್ಬರು ನೀರಿನಲ್ಲಿ ಮಂಡಿಯೂರಿ, ಹೆಂಗಸರು ದೋಣಿ ಹತ್ತಲು ತಮ್ಮ ಬೆನ್ನನ್ನೇ ಮೆಟ್ಟಿಲು ಮಾಡಿಕೊಟ್ಟ ವಿಡಿಯೊ ದೇಶವೆಲ್ಲ ಓಡಾಡಿತು. ಅವರ ಬಂಡವಾಳ ವರ್ಷಗಟ್ಟಲೆ ನೀರಿನ ಜೊತೆ ಬದುಕಿದ ಅನುಭವ. ಯಾರ ಸೊಂಟ ಎಷ್ಟು ಇಂಚೆಂದು ಅಲ್ಲಿ ಯಾರೂ ಅಳೆಯಲಿಲ್ಲ.

ನಾನು ಓದಿದ್ದು ಸಂವಹನ ಶಾಸ್ತ್ರ, ಹಾಗಾಗಿ ಇದೊಂದನ್ನು ಹೇಳದೆ ಇರಲಾರೆ. ತೂಕ ಇಳಿಕೆಯ "ಮೊದಲು–ನಂತರ" ಚಿತ್ರಗಳು ಎರಡು ದೇಹಗಳನ್ನು ಪಕ್ಕಪಕ್ಕ ಇಟ್ಟು ಎಡಗಡೆಯದು ಕೆಲಸಕ್ಕೆ ಬಾರದ್ದು, ಬಲಗಡೆಯದು ಎಲ್ಲಕ್ಕೂ ಆಗುವಂಥದ್ದು ಎಂದು ಒಂದೇ ನೋಟದಲ್ಲಿ ನಂಬಿಸುತ್ತವೆ. ಬಲಗಡೆ ನಿಂತವರಿಗೆ ಅದನ್ನು ರುಜುವಾತು ಮಾಡುವ ಆಸೆ ಹುಟ್ಟುತ್ತದೆ. ವರ್ಷಗಟ್ಟಲೆ "ಇವರನ್ನು ಎತ್ತೋಕೆ ಕ್ರೇನ್ ಬೇಕು" ಎಂಬ ಜೋಕು ಕೇಳಿದವರಿಗೆ, ತಾನೇ ಒಬ್ಬರನ್ನು ಎತ್ತಿಕೊಂಡು ಬರುವ ಅವಕಾಶ ಸಣ್ಣದಲ್ಲ. ಅವತ್ತು ಗೇಟಿನ ಹತ್ತಿರ ನನ್ನನ್ನು ಎರಡು ಹೆಜ್ಜೆ ಮುಂದೆ ತಳ್ಳಿದ್ದರಲ್ಲಿ ಅಜ್ಜಿಯ ಮೇಲಿನ ಕಾಳಜಿ ಎಷ್ಟು, ಈ ಆಸೆ ಎಷ್ಟು ಎಂದು ಈಗಲೂ ಸರಿಯಾಗಿ ಹೇಳಲಾರೆ.

ಚಳಿ, ಹಸಿವು, ಮಾತ್ರೆ

ಗೇಟು ಹಿಡಿದು ನಿಂತ ಐದು ನಿಮಿಷದಲ್ಲೇ ನಾನು ನಡುಗತೊಡಗಿದ್ದೆ. ಮೊದಲೆಲ್ಲ ಡಿಸೆಂಬರಿನಲ್ಲೂ ಫ್ಯಾನು ಬೇಕೆನ್ನುತ್ತಿದ್ದವರು ತೂಕ ಇಳಿದಮೇಲೆ ಸ್ವೆಟರ್ ಹುಡುಕುವುದು ಸಾಮಾನ್ಯ. ಚರ್ಮದ ಕೆಳಗಿನ ಕೊಬ್ಬು ಕಂಬಳಿಯಂತೆ, ಅದು ತೆಳುವಾಗಿದೆ. ಜೊತೆಗೆ ಕಡಿಮೆ ಊಟಕ್ಕೆ ಒಗ್ಗಿದ ದೇಹ ಶಾಖ ಉತ್ಪಾದನೆಯಲ್ಲೂ ಉಳಿತಾಯ ಮಾಡುತ್ತದೆ. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ತಂಡ 36 ಆರೋಗ್ಯವಂತ ಪುರುಷರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ಅವರ ತೂಕವನ್ನು ಕಾಲುಭಾಗದಷ್ಟು ಇಳಿಸಿತ್ತು. ಅವರೆಲ್ಲರ ದೂರುಗಳಲ್ಲಿ ಸುಸ್ತು, ಹಸಿವಿನ ಜೊತೆಗೆ ಚಳಿಯೂ ಇತ್ತು. ನಿಧಾನವಾಗಿ, ಸರಿಯಾಗಿ ತಿಂದು ಇಳಿಸಿದವರಲ್ಲಿ ಇಷ್ಟು ತೀವ್ರವಾಗಿರುವುದಿಲ್ಲ, ಆದರೂ ದಿಕ್ಕು ಅದೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ ಬೆಂಗಳೂರಿನ ಮಳೆನೀರಿನಲ್ಲೂ ಅರ್ಧಗಂಟೆ ನಿಂತರೆ ಬೆರಳುಗಳು ಹಗ್ಗ ಹಿಡಿಯಲು ಹಟ ಮಾಡುತ್ತವೆ.

ಇಂಥ ಹೊತ್ತಿನಲ್ಲಿ "ಎರಡು ಪೆಗ್ ಹಾಕಿದರೆ ಬೆಚ್ಚಗಾಗುತ್ತೆ" ಎನ್ನುವವರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ಅನ್ನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಲ್ಲಿ ಬೈಪಾಸ್ ಮಾಡಿಸಿಕೊಂಡವರಿಗಂತೂ ಮದ್ಯ ಮೊದಲಿಗಿಂತ ಬೇಗ, ಜೋರಾಗಿ ಏರುತ್ತದೆ. ಬಿಸಿ ಕಾಫಿ, ಒಣ ಬಟ್ಟೆ ಸಾಕು.

ಊಟದ ಮಾತಿಗೆ ಬಂದರೆ, ಆ ದಿನ ಡಯಟ್ ಬಿಡಿ. ಗಂಟೆಗಟ್ಟಲೆ ಹೊರುವ ಕೆಲಸಕ್ಕೆ ಬೇಕಾದ ಇಂಧನ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿರುತ್ತದೆ. ಅನ್ನ, ಮುದ್ದೆ ಬಿಟ್ಟವರಲ್ಲಿ, ಉಪವಾಸದಲ್ಲಿರುವವರಲ್ಲಿ ಆ ಸಂಗ್ರಹ ಕಡಿಮೆ. ಹಂಚಿದ ಚಿತ್ರಾನ್ನವನ್ನು ಕ್ಯಾಲೊರಿ ಎಣಿಸುತ್ತಾ ಬೇಡವೆಂದು ನಿಂತವರು ಮಧ್ಯಾಹ್ನದ ಹೊತ್ತಿಗೆ ತಾವೇ ಇನ್ನೊಬ್ಬರ ಹೊರೆಯಾಗಬಹುದು. ಶಸ್ತ್ರಚಿಕಿತ್ಸೆ ಆದವರು ಮಾತ್ರ ಹಸಿವೆಂದು ಒಮ್ಮೆಲೇ ತಿನ್ನಬಾರದು. ಸ್ವಲ್ಪ ಸ್ವಲ್ಪವಾಗಿ, ಅಗಿದು ತಿನ್ನಬೇಕು. ಸಕ್ಕರೆ ಪಾನಕ, ಜ್ಯೂಸ್ ಗಟಗಟನೆ ಕುಡಿದರೆ ಕೆಲವರಿಗೆ ಎದೆ ಹೊಡೆದುಕೊಂಡು, ಬೆವೆತು, ತಲೆ ಸುತ್ತುತ್ತದೆ.

ಮಾತ್ರೆಗಳ ವಿಚಾರ ಇನ್ನೂ ಸೂಕ್ಷ್ಮ. ತೂಕ ಇಳಿಯುತ್ತಾ ಹೋದಂತೆ ರಕ್ತದೊತ್ತಡ, ಸಕ್ಕರೆ ಎರಡೂ ಇಳಿಯುತ್ತವೆ. ಮಾತ್ರೆಯ ಪ್ರಮಾಣವನ್ನು ವೈದ್ಯರು ಅದಕ್ಕೆ ತಕ್ಕಂತೆ ಇಳಿಸದಿದ್ದರೆ, ಬಗ್ಗಿ ಭಾರ ಎತ್ತಿ ಎದ್ದಾಗ ಕಣ್ಣು ಕತ್ತಲೆ ಬರುತ್ತದೆ. ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿ ದುಡಿದರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಊಟ, ನೀರು ಎರಡೂ ಬಿಟ್ಟರೆ ರಕ್ತದಲ್ಲಿ ಕೀಟೋನ್ ಆಮ್ಲ ಏರುವ ಅಪರೂಪದ, ಆದರೆ ಗಂಭೀರ ತೊಂದರೆ ಬರಬಹುದು; ಸಕ್ಕರೆ ತೀರ ಹೆಚ್ಚಿಲ್ಲದಿದ್ದರೂ ಬರಬಹುದು. 2025ರಿಂದ ಭಾರತದ ಅಂಗಡಿಗಳಲ್ಲಿ ಸಿಗುತ್ತಿರುವ ಮೌಂಜಾರೊ, ವೆಗೋವಿಯಂಥ ವಾರದ ಚುಚ್ಚುಮದ್ದುಗಳು ಹಸಿವನ್ನೇ ಅಡಗಿಸುವುದರಿಂದ ತಿನ್ನದೇ ಇರುವುದು ಗಮನಕ್ಕೂ ಬಾರದೆ ಹೋಗಬಹುದು. ಇಂಥ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ಬೇಡ ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ನಿಮ್ಮ ವೈದ್ಯರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಬೇಕು. ಬೈಪಾಸ್ ಆದವರು ಬೆನ್ನುನೋವಿಗೆಂದು ಪರಿಹಾರ ಕೇಂದ್ರದಲ್ಲಿ ಸಿಕ್ಕ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬಾರದು; ಹೊಟ್ಟೆಯಲ್ಲಿ ಹುಣ್ಣಾಗುವ ಅಪಾಯ ಅವರಿಗೆ ಹೆಚ್ಚು.

ನೀರಿನಿಂದ ಬಂದಮೇಲೆ ಸೋಪು ಹಚ್ಚಿ ತೊಳೆದುಕೊಳ್ಳಬೇಕು ಎಂಬುದು ಎಲ್ಲರಿಗೂ ಗೊತ್ತು. ಬಹಳ ತೂಕ ಕಳೆದವರಿಗೆ ಹೊಟ್ಟೆ, ತೊಡೆಗಳಲ್ಲಿ ಜೋತುಬಿದ್ದ ಚರ್ಮದ ಮಡಿಕೆಗಳಿರುತ್ತವೆ. ಒದ್ದೆ ಬಟ್ಟೆ ಉಜ್ಜಿ ಅಲ್ಲಿ ಚರ್ಮ ಸುಲಿಯುತ್ತದೆ. ಇಲಿ ಜ್ವರದ ಬ್ಯಾಕ್ಟೀರಿಯಾಕ್ಕೆ ಒಳಗೆ ಬರಲು ಅಂಥ ಗಾಯವೇ ಸಾಕು, ಹಾಗಾಗಿ ಮಡಿಕೆಗಳನ್ನು ತೊಳೆದು ಪೂರ್ತಿ ಒಣಗಿಸಬೇಕು. ನೆರೆಯಲ್ಲಿ ಕೆಲಸ ಮಾಡುವವರಿಗೆ ಇಲಿ ಜ್ವರ ತಡೆಯಲು ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುವ ಪದ್ಧತಿ ಇದೆ. ಕೇರಳದಲ್ಲಿ 2018ರಲ್ಲಿ ದೊಡ್ಡ ಪ್ರಮಾಣದಲ್ಲಿ ಕೊಟ್ಟರು. ವೈದ್ಯರು ಕೊಟ್ಟರೆ ಅದನ್ನು ಧಾರಾಳ ನೀರಿನ ಜೊತೆ ಕೂತು ನುಂಗಬೇಕು, ಕೂಡಲೇ ಮಲಗಬಾರದು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ಜೊತೆ ತೆಗೆದುಕೊಂಡರೆ ಅದು ದೇಹಕ್ಕೆ ಸರಿಯಾಗಿ ಹೀರಲ್ಪಡುವುದಿಲ್ಲ. ಬೇರಿಯಾಟ್ರಿಕ್ ಆದವರು ದಿನವೂ ನುಂಗುವುದು ಇವೇ ಎರಡನ್ನು. ನಡುವೆ ಕೆಲವು ಗಂಟೆಗಳ ಅಂತರ ಬೇಕು.

ಎದುರುಮನೆಯ ಅಜ್ಜಿಯನ್ನು ಅವತ್ತು ಕರೆತಂದದ್ದು ಪಕ್ಕದ ಕಟ್ಟಡದ ಕೆಲಸದ ನಾಲ್ವರು. ಇಬ್ಬರು ಈ ಗೇಟಿನಿಂದ ಆ ಗೇಟಿಗೆ ಹಗ್ಗ ಬಿಗಿದರು, ನೀರು ಸ್ವಲ್ಪ ಇಳಿಯುವವರೆಗೆ ಒಂದೂವರೆ ಗಂಟೆ ಕಾದರು, ಆಮೇಲೆ ಇನ್ನಿಬ್ಬರು ಮರದ ಕುರ್ಚಿಯಲ್ಲಿ ಅವರನ್ನು ಕೂರಿಸಿ ಹೊತ್ತು ತಂದರು. ನಾಲ್ವರಲ್ಲಿ ಒಬ್ಬರಂತೂ ನನ್ನ ಹಳೆಯ ತೂಕದವರೇ, ಹಗ್ಗದ ತುದಿ ಸೊಂಟಕ್ಕೆ ಸುತ್ತಿ ನಿಂತಿದ್ದು ಅವರೇ. ನನಗೆ ಸಿಕ್ಕಿದ್ದು ಮೆಟ್ಟಿಲ ಕೆಲಸ. ಅಜ್ಜಿಯ ಮಾತ್ರೆ ಡಬ್ಬಿ, ಪಾಸ್‌ಬುಕ್, ದೇವರ ಪಟ, ಆಮೇಲೆ ಕೆಳಗಿನ ಎರಡು ಮನೆಗಳ ಸಾಮಾನು; ಸಂಜೆಯವರೆಗೆ ಮೂವತ್ತಕ್ಕೂ ಹೆಚ್ಚು ಸಲ ಹತ್ತಿಳಿದೆ. 105 ಕೆಜಿ ಇದ್ದಾಗ ಎರಡನೇ ಸಲಕ್ಕೇ ಕೂತುಬಿಡುತ್ತಿದ್ದೆ.

ಮರುದಿನ ಬೆಳಗ್ಗೆ ತೂಕದ ಯಂತ್ರ ಒಂದೂವರೆ ಕೆಜಿ ಹೆಚ್ಚು ತೋರಿಸಿತು. ಮೂರು ಹೊತ್ತು ಚಿತ್ರಾನ್ನ, ಪುಳಿಯೋಗರೆ ತಿಂದಿದ್ದೆನಲ್ಲ, ಎಲ್ಲ ವಾಪಸ್ ಬಂತೆಂದು ಗಾಬರಿಯಾಗಿತ್ತು. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ದೇಹದಲ್ಲಿ ಸೇರಿಕೊಳ್ಳುತ್ತದೆ. ಉಪ್ಪಿನಿಂದ, ಬಳಲಿದ ಸ್ನಾಯುಗಳ ಊತದಿಂದ ಇನ್ನಷ್ಟು ನೀರು. ಐದಾರು ದಿನದಲ್ಲಿ ಅದು ತಾನಾಗಿಯೇ ಇಳಿಯಿತು.